ನಂಬಿಕೆಗೂ ಮೊದಲು

1950ರ ಮೇ 9ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಓದಿದ ಘೋಷಣೆಯ ತಿರುಳು ಕ್ಷಮೆಯಲ್ಲ. ಕಲ್ಲಿದ್ದಲು ಮತ್ತು ಉಕ್ಕು. ಯುರೋಪಿನಲ್ಲಿ ಯುದ್ಧ ನಿಂತು ಆಗಷ್ಟೇ ಐದು ವರ್ಷ. ಫ್ರಾನ್ಸ್ ಮತ್ತು ಜರ್ಮನಿಯ ಗಣಿ, ಕುಲುಮೆಗಳ ಉತ್ಪಾದನೆಯನ್ನು ಎರಡೂ ದೇಶಗಳಿಗೆ ಸೇರಿದ ಒಂದೇ ಪ್ರಾಧಿಕಾರದ ಕೆಳಗೆ ತರೋಣ ಎಂಬುದು ಆತನ ಪ್ರಸ್ತಾಪ. ಫಿರಂಗಿಗೆ ಉಕ್ಕು ಬೇಕು, ಉಕ್ಕಿಗೆ ಕಲ್ಲಿದ್ದಲು ಬೇಕು. ಒಬ್ಬನ ಕುಲುಮೆಯ ಲೆಕ್ಕ ಇನ್ನೊಬ್ಬನ ಕಣ್ಣೆದುರಿಗೇ ಇದ್ದರೆ ಗುಟ್ಟಾಗಿ ಯುದ್ಧಕ್ಕೆ ಸಿದ್ಧವಾಗುವುದು ಹೇಗೆ? ಜಗಳವಾಡಿದ ಅಣ್ಣತಮ್ಮಂದಿರು ಮನೆಯ ಪೆಟ್ಟಿಗೆಗೆ ಎರಡು ಬೀಗ ಹಾಕಿ, ಒಂದೊಂದು ಕೀಲಿ ಇಟ್ಟುಕೊಂಡ ಹಾಗೆ.

ಇದನ್ನು ಶಾಂತಿ ಎನ್ನಬಹುದೇ? ಮನಃಪರಿವರ್ತನೆಯ ಮಾತು ಕೇಳಿ ಬೆಳೆದ ನಮಗೆ ಇದು ಸ್ವಲ್ಪ ಕೀಳು ಬಗೆಯ ನೀತಿ ಅನ್ನಿಸುತ್ತದೆ. ಪಶ್ಚಾತ್ತಾಪವಿಲ್ಲ, ಪ್ರೀತಿಯಿಲ್ಲ, ಬರೀ ವ್ಯವಹಾರ. ಆದರೆ ಶೂಮನ್ ಹುಟ್ಟಿದ್ದು ಜರ್ಮನ್ ಪ್ರಜೆಯಾಗಿ. ತಂದೆಯ ಊರಿದ್ದ ಲೊರೇನ್ ಪ್ರಾಂತ್ಯ ಯುದ್ಧದಿಂದ ಯುದ್ಧಕ್ಕೆ ಕೈ ಬದಲಾಯಿಸುತ್ತ ಬಂದದ್ದರಿಂದ ಆತ ಫ್ರೆಂಚನಾದ. 1940ರಲ್ಲಿ ನಾಜಿಗಳ ಸೆರೆಯನ್ನೂ ಕಂಡ. ಗಾಯ ಹಸಿಯಾಗಿರುವಾಗ ‘ನಂಬು’ ಎಂದು ಒತ್ತಾಯಿಸುವುದೂ ಒಂದು ಬಗೆಯ ಹಿಂಸೆ ಎಂಬುದು ಅಂಥವನಿಗೆ ತಿಳಿಯದೆ ಇದ್ದೀತೇ? ಒಳಗೆ ನಂಬಿಕೆ ಇಲ್ಲದವರೂ ಒಟ್ಟಿಗೆ ಬದುಕಬಲ್ಲ ಏರ್ಪಾಟು ಕಟ್ಟುವುದು, ನನ್ನ ಲೆಕ್ಕದಲ್ಲಿ, ಪ್ರೀತಿಯನ್ನು ಬೋಧಿಸುವುದಕ್ಕಿಂತ ಹೆಚ್ಚು ವಿನಯದ ಕೆಲಸ.

1951ರಲ್ಲಿ ಆರು ದೇಶಗಳು ಸಹಿ ಹಾಕಿದವು. 1954ರಲ್ಲಿ ಸೈನ್ಯಗಳನ್ನೂ ಬೆಸೆಯುವ ಯೋಜನೆ ಫ್ರಾನ್ಸಿನ ಸಂಸತ್ತಿನಲ್ಲೇ ಬಿದ್ದುಹೋಯಿತು. ಕಲ್ಲಿದ್ದಲು ಹಂಚಿಕೊಂಡರೂ ಬಂದೂಕು ಹಂಚಿಕೊಳ್ಳುವಷ್ಟು ಮನಸ್ಸು ಕರಗಿರಲಿಲ್ಲ. 1957ರಲ್ಲಿ ರೋಮ್ ಒಪ್ಪಂದ, ಸಮಾನ ಮಾರುಕಟ್ಟೆಯ ಕನಸು. ಸುಂಕದ, ಗೋಧಿಯ, ಹಾಲಿನ ಬೆಲೆಯ ಕುರಿತು ಮುಗಿಯದ ಚೌಕಾಸಿ. ಬೇಸರ ತರಿಸುವ ಸಭೆಗಳೇ. ಆದರೆ ಸಭೆಯಲ್ಲಿ ಕೂತವರು ಆ ಹೊತ್ತಿಗೆ ಕಂದಕದಲ್ಲಿ ಇರುವುದಿಲ್ಲ.

1916ರಲ್ಲಿ ಎರಡೂ ಕಡೆಯ ಸುಮಾರು 3 ಲಕ್ಷ ಸೈನಿಕರು ಸತ್ತ ವರ್ಡನ್‌ನಲ್ಲಿ, 1984ರ ಸೆಪ್ಟೆಂಬರ್‌ನಲ್ಲಿ ಮಿತ್ತರಾಂ ಮತ್ತು ಕೋಲ್ ಮಾತಿಲ್ಲದೆ ಕೈ ಹಿಡಿದು ನಿಂತರು. ಶೂಮನ್ ಘೋಷಣೆಯಾಗಿ ಆಗ 34 ವರ್ಷ. ರೂಢಿ ಮೊದಲು ಬಂತು, ಭಾವ ಆಮೇಲೆ.

ಆದರೂ ಒಂದು ಮುಳ್ಳು ಚುಚ್ಚುತ್ತಲೇ ಇರುತ್ತದೆ. 1953ರಲ್ಲಿ ಲಂಡನ್ನಿನಲ್ಲಿ ಸಾಲಿಗರೆಲ್ಲ ಸೇರಿ ಪಶ್ಚಿಮ ಜರ್ಮನಿಯ ಹಳೆಯ ವಿದೇಶಿ ಸಾಲದ ಸುಮಾರು ಅರ್ಧವನ್ನು ಬಿಟ್ಟುಕೊಟ್ಟರು. ಒಪ್ಪಿದವರ ಸಾಲಿನಲ್ಲಿ, ನಾಜಿ ಆಕ್ರಮಣದಲ್ಲಿ ಹಸಿವಿನಿಂದ ಸತ್ತವರನ್ನು ಇನ್ನೂ ಮರೆಯದ ಗ್ರೀಸ್ ಕೂಡ ಇತ್ತು. ಆರು ದಶಕಗಳ ನಂತರ ಸಾಲದಲ್ಲಿ ಮುಳುಗಿದ ಗ್ರೀಸ್ ಮಾಫಿ ಕೇಳಿದಾಗ ಬರ್ಲಿನ್ ನಿಯಮಪುಸ್ತಕ ತೆರೆಯಿತು. ಗ್ರೀಸಿನ ಸರ್ಕಾರಗಳು ಲೆಕ್ಕ ತಿದ್ದಿದ್ದು ನಿಜ, ಅದನ್ನು ಮರೆಮಾಚುವಂತಿಲ್ಲ. ಆದರೆ ಪರಸ್ಪರ ಲಾಭದ ಮೇಲೆ ಕಟ್ಟಿದ ಮನೆಯಲ್ಲಿ ಉಪಕಾರಸ್ಮರಣೆಗೆ ಯಾವ ಕೋಣೆ ಎಂದು ಯಾರೂ ಯೋಚಿಸಿರಲಿಲ್ಲ. 2015ರ ಜುಲೈ 5ರಂದು ಶೇಕಡ 61ರಷ್ಟು ಗ್ರೀಕರು ಸಾಲದ ಷರತ್ತುಗಳಿಗೆ ಬೇಡ ಎಂದರು. ಒಂದು ವಾರ ಕಳೆಯುವಷ್ಟರಲ್ಲಿ ಅವರ ಸರ್ಕಾರ ಇನ್ನೂ ಬಿಗಿಯಾದ ಷರತ್ತುಗಳಿಗೆ ಒಪ್ಪಿಗೆ ಕೊಟ್ಟಿತು. ಆ ದಿನಗಳಲ್ಲಿ ಅಥೆನ್ಸಿನ ಮುದುಕರು ಬಾಗಿಲು ಹಾಕಿದ ಬ್ಯಾಂಕುಗಳ ಎದುರು ಪಿಂಚಣಿಗಾಗಿ ಸಾಲುಗಟ್ಟಿದ್ದರು.