ಮಕ್ಕಳ ಆಟಿಕೆಯೂ ದಾಸೋಹಭಾವವೂ

ಮಳೆಗಾಲ ಹಿಂದೆಗೆದು ದೀಪಾವಳಿ ಸಮೀಪಿಸಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆ ಸೀಮೆಯ ಹೇರೂರಿನಂಥ ಊರುಗಳಲ್ಲಿ ಅಟ್ಟವನ್ನು ಶುದ್ಧಿಗೊಳಿಸುವುದು ರೂಢಿ. ತಿಂಗಳುಗಟ್ಟಲೆ ತೇವದಿಂದ ಬೂಷ್ಟು ಹಿಡಿದ ಬುಟ್ಟಿ, ಚಾಪೆ, ಪೆಟ್ಟಿಗೆಗಳು ಅಂಗಳದ ಬಿಸಿಲಿಗೆ ಬರುತ್ತವೆ. ಈಗ ಅವುಗಳೊಡನೆ ಹಿಂದಿಲ್ಲದ ಇನ್ನೊಂದು ರಾಶಿಯೂ ಇಳಿಯುತ್ತದೆ. ಅದು ಮಕ್ಕಳ ಆಟಿಕೆಗಳ ರಾಶಿ: ಗಾಲಿ ಕಳಚಿದ ಮೋಟಾರು, ಕೈ ಮುರಿದ ಗೊಂಬೆ, ಎರಡು ದಿನ ಆಡಿ ಮರೆತ ಪ್ಲಾಸ್ಟಿಕ್ಕಿನ ಸಾಮಾನು. ಹಬ್ಬಕ್ಕೆ ನೆಂಟರು ಹೊಸತನ್ನು ತರುವ ಮೊದಲು ಹಳೆಯದು ಹೊರಗೆ ಹೋಗಲೆಂದು ಹಿರಿಯರು ಬಗೆಯುತ್ತಾರೆ. ಮಗು ಶಾಲೆಗೆ ಹೋದ ವೇಳೆಯಲ್ಲಿ ಆ ಕಾರ್ಯ ಮುಗಿಯುತ್ತದೆ. ಸಂಜೆ ಮನೆಯಲ್ಲಿ ಮಗುವಿನ ಅಳು ಕೇಳುತ್ತದೆ.

ಸಂಗತಿ ಸಣ್ಣದು. ಆದರೆ ಇದರಲ್ಲಿ ಒಂದು ಧರ್ಮಸೂಕ್ಷ್ಮ ಅಡಗಿದೆ. ಒಬ್ಬರ ವಸ್ತುವನ್ನು ಅವರ ಅರಿವಿಲ್ಲದೆ ಇನ್ನೊಬ್ಬರಿಗೆ ಕೊಟ್ಟರೆ ಅದು ದಾನವಾದೀತೇ?

ಹಣ ತೆತ್ತವರು ತಂದೆತಾಯಿಗಳೇ ಅಲ್ಲವೇ ಎಂದು ಕೇಳಬಹುದು. ನಿಜ, ಆದರೆ ಕೊಟ್ಟ ಮೇಲೆ ವಸ್ತು ಕೊಟ್ಟವನದಲ್ಲ. ಕೊಟ್ಟುದನ್ನು ಮರಳಿ ತನ್ನದೆಂದು ಬಗೆಯುವವನು ದಾಸೋಹದ ಮೊದಲ ಮೆಟ್ಟಿಲನ್ನೂ ಏರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಕಥೆ ಸದ್ಭಕ್ತರಿಗೆ ತಿಳಿದದ್ದೇ ಆಗಿದೆ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು ಒಪ್ಪದೆ, ಅದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಹೆಚ್ಚಿನದು ಸಲ್ಲದೆಂಬ ಪಾಠವನ್ನು ಈ ಕಥೆಯಿಂದ ಎಲ್ಲರೂ ತೆಗೆದುಕೊಳ್ಳುವರು. ಇನ್ನೊಂದನ್ನೂ ಗಮನಿಸತಕ್ಕದ್ದು. ಲಕ್ಕಮ್ಮನವರು ಪತಿ ಕಾಣದಂತೆ ಆ ಅಕ್ಕಿಯನ್ನು ಚೆಲ್ಲಲಿಲ್ಲ. ತಂದ ಕೈಯೇ ಹಿಂದಿರುಗಿಸಿತು. ಆದುದರಿಂದ ಮನೆಯಿಂದ ಅಕ್ಕಿಯೊಂದೇ ಅಲ್ಲ, ಮನದಿಂದ ಆಸೆಯೂ ಹೋಯಿತು. ಗುಟ್ಟಾಗಿ ಒಯ್ದರೆ ಅಟ್ಟ ಬರಿದಾದೀತು. ಮಗುವಿನ ಆಸೆ ಮಾತ್ರ ಇಮ್ಮಡಿಯಾದೀತು. ಇನ್ನು ಮುಂದೆ ಅದು ತನ್ನ ವಸ್ತುವನ್ನು ಬಚ್ಚಿಡಲು ಕಲಿಯುವುದು.

ಕೇಳಿದರೆ ಮಗು ಎಲ್ಲವೂ ಬೇಕೆನ್ನುವುದಲ್ಲ ಎಂಬ ಆಕ್ಷೇಪ ಸಹಜವಾದುದು. ಅದಕ್ಕೆ ಉತ್ತರವಿಷ್ಟೆ: ಹಿರಿಯರು ಮೊದಲು ತಮ್ಮ ಪೆಟ್ಟಿಗೆಯನ್ನು ತೆರೆಯಲಿ. ಉಡದ ಸೀರೆ, ಹೊದೆಯದ ಶಾಲು ಮಗುವಿನ ಕಣ್ಣೆದುರಿಗೆ ಹೊರಬೀಳಲಿ. ಅನಂತರ ಆಟಿಕೆಗಳನ್ನೆಲ್ಲ ಅಂಗಳದಲ್ಲಿ ಹರಡಿ, ಯಾವುದನ್ನು ಬಿಡುವೆ ಎನ್ನದೆ ಯಾವುದನ್ನು ಇಟ್ಟುಕೊಳ್ಳುವೆ ಎಂದು ಕೇಳಲಿ. ಕೈ ಮುರಿದ ಗೊಂಬೆಯನ್ನೇ ಮಗು ಅಪ್ಪಿಕೊಂಡರೆ ಅದು ಇರಲಿ. ಮೈಸೂರು ಸೀಮೆಯಲ್ಲಿ ದಸರೆಗೆ ಕೂರಿಸುವ ಪಟ್ಟದ ಗೊಂಬೆಗಳು ತಾಯಿಯಿಂದ ಮಗಳಿಗೆ ಬರುವುದುಂಟು. ಪ್ರೀತಿಯಿಂದ ಉಳಿಸಿಕೊಂಡುದೆಲ್ಲ ಸಂಗ್ರಹದೋಷವಲ್ಲ.

ಉಳಿದುದನ್ನು ಕೊಡುವಲ್ಲಿಯೂ ವಿವೇಕ ಬೇಕು. ಮುರಿದುದನ್ನು ಬಡವರ ಮನೆಗೆ ಸಾಗಿಸುವುದು ದಾಸೋಹವಲ್ಲ, ಕಸದ ಸ್ಥಳಾಂತರ. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಅಗ್ಗದ ಬಣ್ಣದಲ್ಲಿ ಸೀಸವಿರಬಹುದು, ಬಿಡಿಭಾಗ ಶಿಶುವಿನ ಗಂಟಲಲ್ಲಿ ಸಿಕ್ಕಬಹುದು. ತನ್ನ ಮಗುವಿನ ಕೈಗೆ ಕೊಡಲಾಗದುದನ್ನು ಪರರ ಮಗುವಿಗೆ ಕೊಡಲಾಗದು. ಗಟ್ಟಿಯಾದುದನ್ನು ತೊಳೆದು ಒರಸಿ, ಊರಿನ ಅಂಗನವಾಡಿಗೆ ಮಗುವೇ ಒಯ್ದು ಕೊಡಲಿ. ಅಲ್ಲಿ ಹೊಗಳಿಕೆಯನ್ನು ನಿರೀಕ್ಷಿಸದೆ ಮರಳಿ ಬರಲಿ. ನಾನು ಕೊಟ್ಟೆನೆಂಬುದು ದಾನದಲ್ಲಿ ಉಳಿಯಬಹುದು, ದಾಸೋಹದಲ್ಲಿ ಉಳಿಯಬಾರದು.

ಹಿಂದೆ ಈ ಸೀಮೆಯ ಮಕ್ಕಳು ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರು ಕುಳಿತು, ಮತ್ತೊಬ್ಬರು ಸೋಗೆಯನ್ನು ಹಿಡಿದೆಳೆದು ಆಡುತ್ತಿದ್ದರು. ಹಾಳೆ ಹರಿದರೆ ತೋಟಕ್ಕೇ ಗೊಬ್ಬರವಾಗುತ್ತಿತ್ತು. ಅದನ್ನು ಅಟ್ಟಕ್ಕೇರಿಸುವ ಪ್ರಸಂಗವೇ ಇರಲಿಲ್ಲ. ಎಳೆಯುವುದಕ್ಕೆ ಇನ್ನೊಬ್ಬರು ಬೇಕಾದುದರಿಂದ ಆಟದಲ್ಲಿಯೇ ಹಂಚಿಕೆ ಇತ್ತು. ಇಂದಿನ ರಾಶಿಯನ್ನು ಕೂಡಿಸಿದವರು ಮಕ್ಕಳಲ್ಲ. ಜೊತೆಗಿರಲು ಬಿಡುವಿಲ್ಲದೆ ವಸ್ತುವನ್ನು ಕೊಟ್ಟು ಸಮಾಧಾನಪಡಿಸಿದ ಹಿರಿಯರು. ಹೆಚ್ಚಿನ ಅಕ್ಕಿಯನ್ನು ಮನೆಗೆ ತಂದ ಕೈ ಅವರದು.

ಆದುದರಿಂದ ಈ ಹಬ್ಬದಲ್ಲಿ ಮಗುವಿನ ಪೆಟ್ಟಿಗೆಯನ್ನು ಮುಟ್ಟುವ ಮೊದಲು ಗೃಹಸ್ಥರು ತಮ್ಮ ಕೈಯನ್ನು ನೋಡಿಕೊಳ್ಳಲಿ. ಹೊಸ ಆಟಿಕೆಯೊಂದು ಕಡಿಮೆಯಾಗಿ, ಅಂಗಳದಲ್ಲಿ ಮಗುವಿನೊಡನೆ ಕಳೆದ ಒಂದು ಸಂಜೆ ಹೆಚ್ಚಾದರೆ ಅಟ್ಟವೂ ಹಗುರ, ಮನವೂ ಹಗುರ.