ಕೋವಿಯೂ ಶ್ರಾವಕನ ವಿವೇಕವೂ

ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಿನ ಹೊಲತೋಟಗಳಿಗೆ ಕಾಡುಹಂದಿ ನುಗ್ಗಿದರೆ ವರ್ಷದ ದುಡಿಮೆ ಬೆಳಗಾಗುವುದರೊಳಗೆ ಮಣ್ಣುಪಾಲಾಗುತ್ತದೆ. ಬೆಳೆರಕ್ಷಣೆಗಾಗಿ ಕೋವಿಯ ಪರವಾನಗಿ ನೀಡಲು 1959ರ ಆಯುಧ ಕಾಯಿದೆಯಲ್ಲಿ ಅವಕಾಶವಿದೆ. ಹಾಗೆ ಅಗ್ಗದ ಕೇಪಿನ ಕೋವಿಯೊಂದನ್ನು ಕೊಂಡ ಶ್ರಾವಕನು ಅಹಿಂಸಾಣುವ್ರತದಿಂದ ಜಾರಿದನೆನ್ನಬಹುದೇ?

ಹಿಂಸೆಯು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆ. ಗೃಹಸ್ಥನು ಸಂಪೂರ್ಣವಾಗಿ ತೊರೆಯಬೇಕಾದುದು ಸಂಕಲ್ಪೀ ಹಿಂಸೆಯನ್ನು. ಹಂದಿಯನ್ನು ಬೆದರಿಸಲು ಹಾರಿಸಿದ ಈಡನ್ನು ವಿರೋಧೀ ಹಿಂಸೆಯ ಅಂಚಿನಲ್ಲಿ ಇರಿಸಬಹುದು. ಕೊಲ್ಲುವ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು.

ನಿಜವಾದ ಪರೀಕ್ಷೆ ಕೋವಿಯನ್ನು ಕೊಂಡ ಮೇಲೆ ಆರಂಭವಾಗುತ್ತದೆ. ಕೇಪಿನ ಕೋವಿಗೆ ಪ್ರತಿ ಈಡಿಗೂ ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯಬೇಕು. ಆ ವಿಳಂಬದಲ್ಲಿ ಹಂದಿ ಓಡಿಹೋಗುತ್ತದೆ. ಬೆಳೆಯೂ ಉಳಿಯುತ್ತದೆ, ಜೀವವೂ ಉಳಿಯುತ್ತದೆ. 1860ರ ದಶಕದಲ್ಲಿ ಅಮೆರಿಕದಲ್ಲಿ ಪ್ರಚಾರಕ್ಕೆ ಬಂದ, ಲಿವರ್ ಎಳೆದು ಒಂದರ ಹಿಂದೊಂದು ಗುಂಡು ಹಾರಿಸುವ ಬಂದೂಕು ಈ ವಿಳಂಬವನ್ನೇ ಅಳಿಸಿತು. ಅಂಥ ವೇಗದ ಮೋಹ ಅಗ್ಗದ ಕೋವಿಯ ಒಡೆಯನಿಗೂ ಹತ್ತುವುದುಂಟು.

ತುಕ್ಕು ತೆಗೆಯುವುದು, ಸಡಿಲಗೊಂಡ ಕುದುರೆಯನ್ನು ಪರವಾನಗಿಯುಳ್ಳ ಕುಶಲಕರ್ಮಿಯಿಂದ ಸರಿಪಡಿಸುವುದು ಅಪ್ರಮಾದ. ಮನೆಯ ಮಕ್ಕಳ ಸುರಕ್ಷೆಗೆ ಅದು ಅವಶ್ಯ. ಗುರಿ ತಪ್ಪದಿರಲೆಂದೂ ಮರುಈಡು ಬೇಗ ಹಾರಲೆಂದೂ ಮಾಡುವ ಸುಧಾರಣೆ ಮಾತ್ರ ಕಾವಲುಗಾರನನ್ನು ಅವನಿಗರಿವಿಲ್ಲದೆ ಬೇಟೆಗಾರನನ್ನಾಗಿಸುತ್ತದೆ. ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹಿಂಸೋಪಕರಣಗಳ ದಾನವನ್ನು ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಪ್ರಯೋಜನವನ್ನು ಮೀರಿದ ಆಯುಧಾಸಕ್ತಿಯೂ ಅದೇ ದಾರಿಯದು.

ಆ ಹಣ ಬೇಲಿಗೆ, ದೀಪಕ್ಕೆ, ನೆರೆಯವರೊಡನೆ ಸರದಿಯ ಕಾವಲಿಗೆ ಸಂದರೆ ತೋಟ ಉಳಿಯುತ್ತದೆ, ವ್ರತವೂ ಉಳಿಯುತ್ತದೆ.