ಮದ್ದಿಗೆ ಮೈಲಿಗೆ ಇಲ್ಲ, ಕೈಗೆ?

ಊರಿನ ಮಗುವಿಗೆ ಕಾಮಾಲೆಯಾದರೆ ಕೇರಿಗೆ ಆಳು ಓಡಿಬರುತ್ತಿತ್ತು. ನಮ್ಮ ಮುದುಕಿಯರು ನೆಲನೆಲ್ಲಿ ಕಿತ್ತು, ಅರೆದು ಕೊಡುತ್ತಿದ್ದರು. ಕೊಡೋದು ಅಂದರೆ ಕೈಗೆ ಕೊಡೋದಲ್ಲ. ಜಗಲಿಯ ಕೆಳಗೆ ಎಲೆಯ ಮೇಲಿಟ್ಟು ದೂರ ಸರಿಯೋದು. ಮದ್ದು ಒಳಗೆ ಹೋಗುತ್ತಿತ್ತು, ಕೊಟ್ಟವಳು ಹೊರಗೇ. ಹೆರಿಗೆ ನೋವು ಬಂದಾಗ ನಮ್ಮ ಸೂಲಗಿತ್ತಿಯ ಕೈ ಬೇಕು. ಕೂಸು ಅತ್ತ ಮೇಲೆ ಆ ಕೈ ಮುಟ್ಟಿದ ನೆಲವನ್ನೆಲ್ಲ ತೊಳೆಯಬೇಕು. ಇದನ್ನು ಕಂಡವರು, ಉಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದಕ್ಕೇ ಕೇಳುತ್ತೇವೆ: ಮದ್ದಿಗೆ ಇಲ್ಲದ ಮೈಲಿಗೆ ಕೈಗೆ ಎಲ್ಲಿಂದ ಬಂತು? ಆ ಮದ್ದು ಯಾರ ಸೊತ್ತು?

ಚರಕಸಂಹಿತೆಯ ಮೊದಲ ಅಧ್ಯಾಯದಲ್ಲೇ ಒಂದು ಮಾತಿದೆ. ಗಿಡಮೂಲಿಕೆಗಳ ಹೆಸರು, ರೂಪ ಬಲ್ಲವರು ಆಡು ಕಾಯುವವರು, ಕುರಿ ಕಾಯುವವರು, ದನ ಕಾಯುವವರು, ಕಾಡಿನಲ್ಲಿ ಬಾಳುವವರು ಎಂದು. ಅದರ ಬೆನ್ನಿಗೇ, ಹೆಸರು ರೂಪ ತಿಳಿದ ಮಾತ್ರಕ್ಕೆ ಯಾರೂ ಮದ್ದು ಬಲ್ಲವರಾಗುವುದಿಲ್ಲ ಎಂಬ ಮಾತೂ ಇದೆ. ಮಾತೇನೋ ಸರಿಯೇ. ಆದರೆ ಈ ಲೆಕ್ಕದಲ್ಲಿ ಕಾಲು ನಮ್ಮದು, ಕಣ್ಣು ನಮ್ಮದು, ತಲೆ ಮಾತ್ರ ಅವರದು.

ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆ ಮಲಬಾರಿನ ಗಿಡಗಳ ಮೇಲೆ 'ಹೋರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಗ್ರಂಥ ಮಾಡಿಸಿದ. 1678ರಿಂದ 1693ರವರೆಗೆ ಅದು ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಗಿಡಗಳ ಗುಣ ಹೇಳಿಕೊಟ್ಟವರಲ್ಲಿ ಮೂವರು ಕೊಂಕಣಿ ಬ್ರಾಹ್ಮಣರಿದ್ದರು. ಅವರ ಜೊತೆಗೆ, ಅವರಿಗೆ ಕಡಿಮೆಯಿಲ್ಲದಂತೆ, ಈಳವರ ವೈದ್ಯ ಇಟ್ಟಿ ಅಚ್ಯುತನ್ ಇದ್ದ. 1675ರಲ್ಲಿ ಆತ ಬರೆದುಕೊಟ್ಟ ಹೇಳಿಕೆ ಮೊದಲ ಸಂಪುಟದಲ್ಲೇ ಇದೆ. 1753ರಲ್ಲಿ ಲಿನ್ನೇಯಸ್ ಲೋಕದ ಗಿಡಗಳಿಗೆಲ್ಲ ಹೆಸರಿಡುವಾಗ ಈ ಗ್ರಂಥವನ್ನೂ ಮುಂದಿಟ್ಟುಕೊಂಡಿದ್ದ. ಯೂರೋಪಿನ ವಿಜ್ಞಾನಕ್ಕೆ ಬೇಕಾದ ಈ ಮನುಷ್ಯನ ಜಾತಿ ತನ್ನ ಸೀಮೆಯಲ್ಲಿ ಏನಾಗಿತ್ತು? ಆ ಹೇಳಿಕೆ ಬರೆದು 249 ವರ್ಷಗಳಾದ ಮೇಲೂ, 1924ರಲ್ಲಿ, ವೈಕಂ ದೇವಸ್ಥಾನದ ಸುತ್ತಲಿನ ಬೀದಿಯಲ್ಲಿ ಈಳವರು ನಡೆಯುವುದಕ್ಕೇ ಸತ್ಯಾಗ್ರಹ ಮಾಡಬೇಕಾಯಿತು.

ಇಟ್ಟಿ ಅಚ್ಯುತನ್‌ಗೆ ಅಕ್ಷರವಿತ್ತು, ಹಾಗಾಗಿ ಹೆಸರು ಉಳಿಯಿತು. ಅಕ್ಷರವಿಲ್ಲದವರ ಗತಿ? 1995ರಲ್ಲಿ ಗಾಯಕ್ಕೆ ಅರಿಸಿನ ಹಚ್ಚುವುದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಸಂತೋಷವೇ. ಆದರೆ ಗೆದ್ದದ್ದು ಹೇಗೆ? ಹೊರದೇಶದ ಜನರ ಬಾಯಿಮಾತು, ಬಳಕೆ ಅಲ್ಲಿನ ಕಾನೂನಿಗೆ ಸಾಕ್ಷಿಯಾಗುತ್ತಿರಲಿಲ್ಲ, ಅಚ್ಚಾದದ್ದು ಬೇಕಿತ್ತು. ಅರಿಸಿನ ಅರೆದ ಕೋಟಿ ಅಜ್ಜಿಯರ ಕೈಗಿಂತ ಕಾಗದ ದೊಡ್ಡದಾಯಿತು.

ಇನ್ನು ನಮ್ಮದೇ ಕಾನೂನು. 2002ರ ಜೀವವೈವಿಧ್ಯ ಕಾಯಿದೆ, ಜನರ ತಿಳಿವಳಿಕೆಯಿಂದ ಲಾಭ ಮಾಡಿಕೊಂಡವರು ಆ ಜನಕ್ಕೆ ಪಾಲು ಕೊಡಬೇಕು ಎಂದಿತು. 2023ರ ತಿದ್ದುಪಡಿ ಗ್ರಂಥಸ್ಥವಾದ ಸಾಂಪ್ರದಾಯಿಕ ಜ್ಞಾನ ಬಳಸುವವರಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಆ ಗ್ರಂಥಗಳೊಳಗೆ ಕುರಿ ಕಾಯುವವನ ಮಾತು ಎಷ್ಟು ಸೇರಿದೆ ಅಂತ ಯಾರು ಅಳೆದರು? ಬರೆಯದಿದ್ದರೆ ಸಾಕ್ಷಿಯಿಲ್ಲ, ಅವರ ಗ್ರಂಥಕ್ಕೆ ಸೇರಿದರೆ ಪಾಲಿಲ್ಲ. ಅಕ್ಷರ ಕಲಿಯಬೇಡ ಅಂದವರೂ ಅವರೇ, ಅಕ್ಷರದಲ್ಲಿ ತೋರಿಸು ಅನ್ನೋರೂ ಅವರೇ.

ಹಾಗಾದರೆ ಮುಚ್ಚಿಡೋಣವೇ? ಕೇರಳದ ಅಗಸ್ತ್ಯಮಲೆಯಲ್ಲಿ 1987ರಲ್ಲಿ ಬೆಟ್ಟ ಹತ್ತಿ ಸುಸ್ತಾದ ವಿಜ್ಞಾನಿಗಳಿಗೆ ಜೊತೆಯಲ್ಲಿದ್ದ ಕಾಣಿ ಬುಡಕಟ್ಟಿನವರು ತಾವು ತಿನ್ನುತ್ತಿದ್ದ ಕಾಯಿ ಕೊಟ್ಟರು. ಅದು ಆರೋಗ್ಯಪಚ್ಚೆ. ಅದರಿಂದ 'ಜೀವನಿ' ಎಂಬ ಔಷಧ ಹುಟ್ಟಿತು. 1995ರಲ್ಲಿ ಅದರ ತಯಾರಿಕೆಯ ಹಕ್ಕು 10 ಲಕ್ಷ ರೂಪಾಯಿಗೂ ಶೇಕಡಾ 2ರ ರಾಯಧನಕ್ಕೂ ಒಂದು ಕಂಪನಿಗೆ ಹೋಯಿತು. ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ ಎಂದಾಯಿತು. ಲೋಕವೆಲ್ಲ ಇದನ್ನು ಮೆಚ್ಚಿತು. ಆದರೆ ಪಾಲು ಪಡೆಯುವ ಕಾಣಿಗಳ ಟ್ರಸ್ಟ್ ಹುಟ್ಟಿದ್ದು 1997ರಲ್ಲಿ. ಮಾರಾಟ ಮೊದಲು, ಮಾಲೀಕ ಆಮೇಲೆ! ಗುಟ್ಟು ಹೊರಹಾಕಿದ್ದೇ ತಪ್ಪು ಎಂದು ಕಾಣಿಗಳ ಕೆಲವು ಹಿರಿಯ ವೈದ್ಯರು ಮುನಿದರು.

ಆ ಮುನಿಸು ನಮಗೆ ಅರ್ಥವಾಗುತ್ತದೆ. 'ಹೇಳಿದ್ರೆ ಮದ್ದಿನ ಗುಣ ಹೋಗ್ತದೆ' ಅಂತ ನಮ್ಮ ಹಿರಿಯರೂ ಅನ್ನುತ್ತಿದ್ದರು. ಬೀಗವಿಲ್ಲದ ಗುಡಿಸಲಿಗೆ ಅದೊಂದೇ ಬೀಗ. ಆದರೂ ಗೆಳೆಯರೇ, ಗುಟ್ಟು ನಮ್ಮನ್ನೂ ಕೊಲ್ಲುತ್ತದೆ. ಒಂದು, ಬಲ್ಲವಳು ಸತ್ತರೆ ಬೇರಿನ ಗುಣವೂ ಮಣ್ಣಾಗುತ್ತದೆ. ಎರಡು, ಗುಟ್ಟಿನೊಳಗೆ ತಪ್ಪೂ ಅಡಗಿರುತ್ತದೆ. ಹಾವಿನ ವಿಷಕ್ಕೆಂದು ಕೊಡುವ ಈಶ್ವರಿ ಬೇರಿನಲ್ಲಿ ಮೂತ್ರಪಿಂಡವನ್ನು ಹಾಳುಮಾಡುವ ಆಮ್ಲವಿದೆ. ಹಾವು ಕಚ್ಚಿದರೆ ಬೇರು ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊತ್ತೊಯ್ಯಿರಿ. ಕಾಮಾಲೆಯೂ ಅಷ್ಟೇ, ರಕ್ತ ಪರೀಕ್ಷೆ ಮಾಡಿಸಿ. ನಮ್ಮದೆಂಬ ಕಾರಣಕ್ಕೆ ಎಲ್ಲವೂ ಸತ್ಯವಾಗುವುದಿಲ್ಲ. ಪರೀಕ್ಷೆಗೆ ಹೆದರುವುದು ಪುರೋಹಿತರ ಗುಣ, ನಮ್ಮದಾಗಬಾರದು. ಉಳ್ಳವರಿಗೆ ಆಸ್ಪತ್ರೆ, ಇಲ್ಲದವರಿಗೆ ನಾಟಿಮದ್ದು ಎಂಬ ಹಂಚಿಕೆಯನ್ನೂ ನಾವು ಒಪ್ಪುವುದಿಲ್ಲ.

ಮುಚ್ಚಿಡುವುದೂ ಅಲ್ಲ, ದೋಚಿಸಿಕೊಳ್ಳುವುದೂ ಅಲ್ಲ. ನಾವೇ ಬರೆಯಬೇಕು. 2002ರ ಕಾಯಿದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಜನರ ದಾಖಲೆ ಪುಸ್ತಕ ಇರಬೇಕು. ಹಳ್ಳಿಯ ಮೇಷ್ಟರೇ, ಓದುವ ಹುಡುಗ ಹುಡುಗಿಯರೇ, ನಿಮ್ಮೂರಿನ ಆ ಪುಸ್ತಕದಲ್ಲಿ ಕೇರಿ ಇದೆಯೇ, ಹಟ್ಟಿ ಇದೆಯೇ, ಹೋಗಿ ನೋಡಿ. ಇಲ್ಲದಿದ್ದರೆ ಮುದುಕಿಯ ಪಕ್ಕ ಕೂತು, ಅವಳನ್ನು ಕೇಳಿ, ಅವಳು ಒಪ್ಪಿದಷ್ಟನ್ನು ಅವಳ ಹೆಸರಿನಲ್ಲೇ ಬರೆಯಿರಿ. ಒಪ್ಪದಿದ್ದರೆ ಸುಮ್ಮನೆ ಎದ್ದು ಬನ್ನಿ. ಇಲ್ಲ ಅನ್ನುವ ಹಕ್ಕೂ ಅವಳದೇ.

ಮದ್ದು ಯಾರ ಸೊತ್ತು? ನರಳುವವರೆಲ್ಲರ ಸೊತ್ತು. ಇದರಲ್ಲಿ ನಮಗೆ ಅನುಮಾನವಿಲ್ಲ. ನಮ್ಮ ಮುದುಕಿಯರು ಮಗು ಯಾವ ಜಾತಿ ಅಂತ ಕೇಳಿ ನೆಲನೆಲ್ಲಿ ಕೀಳಲಿಲ್ಲ. ಆದರೆ ಮದ್ದು ಎಲ್ಲರದು ಅನ್ನುವ ಮಾತು ಆಡುವುದಕ್ಕೆ ಮುಂಚೆ, ಅದನ್ನು ಕೊಟ್ಟವಳು ಜಗಲಿ ಹತ್ತಲಿ.